ಯಾವ ಡ್ರಿಲ್ ಮಷಿನ್ ತಗೊಳ್ಳಲಿ? ಮೊದಲು ಗೋಡೆ ನೋಡಿ, ಆಮೇಲೆ ಕೈ ಮತ್ತು ಕಿವಿ

ಕಳೆದ ತಿಂಗಳು ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಬೆಂಗಳೂರಿನಲ್ಲಿ ಹೊಸ ಅಪಾರ್ಟ್‌ಮೆಂಟಿಗೆ ಬಂದಿದ್ದಾನೆ. ಕರ್ಟನ್ ರಾಡ್ ಹಾಕಬೇಕು, ಟಿವಿ ಗೋಡೆಗೆ ಕೂರಿಸಬೇಕು. ಆನ್‌ಲೈನ್‌ನಲ್ಲಿ 13 ಎಂಎಂ ಇಂಪ್ಯಾಕ್ಟ್ ಡ್ರಿಲ್ ತರಿಸಿದ್ದ. "ಅಣ್ಣಾ, ಮೈಭಾರ ಎಲ್ಲ ಹಾಕಿ ಒತ್ತಿದ್ರೂ ಅರ್ಧ ಇಂಚು ಒಳಗೆ ಹೋಗ್ತಿಲ್ಲ. ಮಷಿನ್ ಹಾಳಾಗಿದ್ಯಾ? ಇನ್ನೂ ಜಾಸ್ತಿ ವ್ಯಾಟ್‌ದು ತಗೋಬೇಕಿತ್ತಾ?" ಅಂತ ಕೇಳಿದ. ಅಷ್ಟರಲ್ಲಿ ಪಕ್ಕದ ಮನೆಯವರು ಎರಡು ಸಲ ಬೆಲ್ ಮಾಡಿ ಹೋಗಿದ್ದರಂತೆ.

ಮಷಿನ್ ಚೆನ್ನಾಗಿಯೇ ಇತ್ತು. ಅವನ ಮನೆಯ ಗೋಡೆಯಲ್ಲಿ ಇಟ್ಟಿಗೆಯೇ ಇಲ್ಲ, ಪೂರ್ತಿ ಕಾಂಕ್ರೀಟ್. ಅಲ್ಯೂಮಿನಿಯಂ ಅಚ್ಚು ಕಟ್ಟಿ ಗೋಡೆ, ಛಾವಣಿ ಎಲ್ಲ ಒಟ್ಟಿಗೆ ಎರಕ ಹೊಯ್ಯುವ ಕಟ್ಟಡ ಅದು. ಈಗ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ತುಂಬಾ ಕಡೆ ಹೀಗೇ ಕಟ್ಟುತ್ತಾರೆ. ಅಂಥ ಗೋಡೆಗೆ ಆ ಮಷಿನ್ ಹೇಳಿ ಮಾಡಿಸಿದ್ದಲ್ಲ, ಅಷ್ಟೆ.

ನಾನು ಹದಿನೇಳು ವರ್ಷದಿಂದ ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಮತ್ತು ಫಿಟ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಡ್ರಿಲ್ ಕೊಳ್ಳುವವರು ವ್ಯಾಟ್ ಕೇಳುತ್ತಾರೆ, ಆರ್‌ಪಿಎಂ ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಎಷ್ಟು ಸದ್ದು ಮಾಡುತ್ತೆ, ಕೈಗೆ ಎಷ್ಟು ಅದುರುತ್ತೆ ಅಂತ ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಹುದು. ಮೊದಲ ಐದಾರು ವರ್ಷ ನಾನೂ ಕೇಳಿರಲಿಲ್ಲ. ಒಂದು ದಿನ ಬೆಳಗ್ಗಿಂದ ಸಂಜೆವರೆಗೆ ಇಂಪ್ಯಾಕ್ಟ್ ಡ್ರಿಲ್ ಹಿಡಿದು ಸೀಲಿಂಗಿಗೆ ತೂತು ಹೊಡೆದು ಟೀ ಕುಡಿಯಲು ಕೂತೆ. ಗಾಜಿನ ಲೋಟ ಕೈಯಲ್ಲಿತ್ತು. ಬಿಸಿ ಗೊತ್ತಾಗಲಿಲ್ಲ. ತುಟಿಗೆ ಇಟ್ಟ ಮೇಲೆ ಸುಟ್ಟಿತು. ಬೆರಳ ತುದಿಗಳು ಪೂರ್ತಿ ಜೋಮು ಹಿಡಿದಿದ್ದವು. ರಾತ್ರಿ ಮಲಗುವವರೆಗೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಅವತ್ತಿನಿಂದ ಮಷಿನ್ ನೋಡುವ ರೀತಿಯೇ ಬದಲಾಯಿತು.

ನಾನು ಕಂಡುಕೊಂಡದ್ದು ಇಷ್ಟು. ಗೋಡೆಗೆ ತಕ್ಕ ಮಷಿನ್ ಹಿಡಿದರೆ ಕೆಲಸ ಬೇಗ ಆಗುತ್ತದೆ. ಕೆಲಸ ಬೇಗ ಆದರೆ ಕೈಗೆ ಅದುರು ಕಡಿಮೆ, ಕಿವಿಗೆ ಸದ್ದು ಕಡಿಮೆ, ಪಕ್ಕದ ಮನೆಯವರಿಗೂ ಕಾಟ ಕಡಿಮೆ.

ಅಳೆಯುವುದು ಹೇಗೆ?

ಮೊದಲು ಗೋಡೆ. ನಮ್ಮ ರಾಜ್ಯದಲ್ಲೇ ಎಷ್ಟು ಬಗೆ ನೋಡಿ. ಹಳೆ ಮನೆಗಳಲ್ಲಿ ಸುಟ್ಟ ಇಟ್ಟಿಗೆ. ಈಗಿನ ಮನೆಗಳಲ್ಲಿ ಸಿಮೆಂಟಿನ ಸಾಲಿಡ್ ಬ್ಲಾಕ್, ಕೆಲವು ಕಡೆ ಹಾಲೋ ಬ್ಲಾಕ್. ಅಪಾರ್ಟ್‌ಮೆಂಟ್‌ಗಳಲ್ಲಿ ಒಳಗೆ ಗಾಳಿಗುಳ್ಳೆ ತುಂಬಿದ ಹಗುರವಾದ ಎಎಸಿ ಬ್ಲಾಕ್, ಇಲ್ಲವೇ ಪೂರ್ತಿ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್. ಕರಾವಳಿಯಲ್ಲಿ ಕೆಂಪು ಕಲ್ಲು, ಅಂದರೆ ಮುರಕಲ್ಲು. ಕೋಲಾರ, ತುಮಕೂರಿನ ಕಡೆ ಸೈಜ್ ಕಲ್ಲಿನ ಗೋಡೆಗಳೂ ಸಿಗುತ್ತವೆ. ಹೆಚ್ಚಿನ ಮನೆಗಳಲ್ಲಿ ಕಿಟಕಿ ಮೇಲಿನ ಲಿಂಟಲ್, ತೊಲೆ, ಛಾವಣಿ ಮಾತ್ರ ಕಾಂಕ್ರೀಟೇ. ಕರ್ಟನ್ ರಾಡ್ ಬರುವುದು ಸರಿಯಾಗಿ ಆ ಲಿಂಟಲ್ ಜಾಗದಲ್ಲಿ. ಇಟ್ಟಿಗೆ ಮನೆಯವರೂ ಸೋಲುವುದು ಅಲ್ಲೇ.

ಆಮೇಲೆ ಅದುರು. ಇದನ್ನು ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂತ ಅಳೆಯುತ್ತಾರೆ, ಮ್ಯಾನುಯಲ್‌ನಲ್ಲಿ ಮೀ/ಸೆ² ಅಂತ ಬರೆದಿರುತ್ತದೆ. ಯುರೋಪಿನಲ್ಲಿ 2002ರಲ್ಲಿ ಬಂದ ಒಂದು ನಿರ್ದೇಶನದ ಪ್ರಕಾರ, 8 ಗಂಟೆಯ ಕೆಲಸದ ಲೆಕ್ಕದಲ್ಲಿ 2.5 ದಾಟಿದರೆ ಮಾಲೀಕ ಕ್ರಮ ತಗೊಳ್ಳಲೇಬೇಕು. 5 ದಾಟಲೇಬಾರದು. ಇಲ್ಲಿ ಮುಖ್ಯವಾದ ವಿಷಯ ಏನೆಂದರೆ, ಅದುರು ಎರಡು ಪಟ್ಟಾದರೆ ಕೈ ತಡೆಯುವ ಹೊತ್ತು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 5 ಇರುವ ಮಷಿನ್ನನ್ನು ಎರಡು ಗಂಟೆ ಹಿಡಿದರೆ 2.5ರ ಆ ಮೊದಲ ಗೆರೆ ಮುಟ್ಟುತ್ತೀರಿ. 10 ಇದ್ದರೆ ಅರ್ಧ ಗಂಟೆ. 15 ಇದ್ದರೆ ಬರೀ 13 ನಿಮಿಷ. 20 ಇದ್ದರೆ ಏಳೂವರೆ ನಿಮಿಷ. ಇದು ಟ್ರಿಗರ್ ಒತ್ತಿ ಹಿಡಿದ ಹೊತ್ತಿನ ಲೆಕ್ಕ. ಅಳತೆ ಹಾಕಿದ್ದು, ಏಣಿ ಸರಿಸಿದ್ದು ಇದರಲ್ಲಿ ಸೇರುವುದಿಲ್ಲ.

ಇದೆಲ್ಲ ಹೊಸ ಸಂಗತಿಯೇನೂ ಅಲ್ಲ. ಅಮೆರಿಕದ ಇಂಡಿಯಾನಾದ ಸುಣ್ಣಕಲ್ಲು ಗಣಿಗಳಲ್ಲಿ ಗಾಳಿ ಒತ್ತಡದ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರ ಬೆರಳುಗಳು ಚಳಿಯಲ್ಲಿ ಸತ್ತಂತೆ ಬಿಳಿಚುವುದನ್ನು ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ 1918ರಲ್ಲೇ ಬರೆದಿಟ್ಟರು. ನಮ್ಮಂಥ ಸೆಕೆಯ ಊರುಗಳಲ್ಲಿ ಬೆರಳು ಬಿಳಿಚುವುದು ಅಪರೂಪ. ಅದಕ್ಕೇ ಯಾರೂ ಇದನ್ನು ಕಾಯಿಲೆ ಅಂತ ಗುರುತಿಸುವುದಿಲ್ಲ. ನಮ್ಮಲ್ಲಿ ಕಾಣುವುದು ಜೋಮು, ಹಿಡಿತ ಸಡಿಲವಾಗುವುದು, ಬೆರಳ ತುದಿಯ ಸ್ಪರ್ಶ ಮಂದವಾಗುವುದು. ನನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಈಗ ಅರವತ್ತು ದಾಟಿದೆ. ಶರ್ಟಿನ ಗುಂಡಿ ಹಾಕಿಕೊಳ್ಳಲು ಅವರು ಕನ್ನಡಿ ಮುಂದೆ ನಿಲ್ಲುತ್ತಾರೆ. ಗುಂಡಿ ತೂತಿಗೆ ಹೋಯಿತೋ ಇಲ್ಲವೋ ಅಂತ ಬೆರಳು ಹೇಳುವುದಿಲ್ಲ, ಕಣ್ಣಲ್ಲೇ ನೋಡಬೇಕು. "ವಯಸ್ಸಾಯ್ತು ಕಣೋ" ಅನ್ನುತ್ತಾರೆ. ಅವರ ಅಣ್ಣ ಅವರಿಗಿಂತ ಆರು ವರ್ಷ ದೊಡ್ಡವರು, ಈಗಲೂ ಸೂಜಿಗೆ ದಾರ ಪೋಣಿಸುತ್ತಾರೆ.

ಮೂರನೆಯದು ಸದ್ದು. ಡೆಸಿಬೆಲ್ ಲೆಕ್ಕ ಮಾಮೂಲಿ ಲೆಕ್ಕದ ಹಾಗಲ್ಲ. 3 ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟು, 10 ಏರಿದರೆ ಹತ್ತು ಪಟ್ಟು. ಕೆಲಸಗಾರರ ಆರೋಗ್ಯದ ವಿಷಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 85 ಡೆಸಿಬೆಲ್‌ನಲ್ಲಿ 8 ಗಂಟೆ ಸಾಕು ಅನ್ನುತ್ತದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ. 91ಕ್ಕೆ 2 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಬಹಳ ವರ್ಷಗಳಿಂದ ಇರುವ ಮಿತಿ 8 ಗಂಟೆಗೆ 90 ಡೆಸಿಬೆಲ್. ನಾನು ಕಿವಿ ವಿಷಯದಲ್ಲಿ ಬಿಗಿಯಾದ ಲೆಕ್ಕವನ್ನೇ ನಂಬುತ್ತೇನೆ. ಹೋದ ಕೇಳುವ ಶಕ್ತಿ ಮತ್ತೆ ಬರುವುದಿಲ್ಲ.

ಉಳಿದದ್ದು ತೂಕ, ಕರೆಂಟ್, ದುಡ್ಡು. ಅದನ್ನು ಒಂದೊಂದು ಮಷಿನ್ ಜೊತೆಗೇ ಹೇಳುತ್ತೇನೆ.

ಸಾದಾ ಡ್ರಿಲ್

10 ಎಂಎಂ ಚಕ್ (ಕೊರೆಯುವ ಕಡ್ಡಿ, ಅಂದರೆ ಬಿಟ್ ಹಿಡಿಯುವ ಬಾಯಿ) ಇರುವ, ಬರೀ ತಿರುಗುವ ಮಷಿನ್. ಮರ, ಪ್ಲೈವುಡ್, ಕಬ್ಬಿಣ, ಅಲ್ಯೂಮಿನಿಯಂಗೆ ಸೊಗಸಾಗಿ ಕೆಲಸ ಮಾಡುತ್ತದೆ. ಲೋಹ ಕೊರೆಯುವಾಗ ಇದರ ಅದುರು ಸಾಮಾನ್ಯವಾಗಿ 2.5ರ ಆಸುಪಾಸು. ಕೈಗೆ ತೊಂದರೆ ಇಲ್ಲ ಅಂತಲೇ ಹೇಳಬಹುದು. ಬೆಲೆಯೂ ಕಡಿಮೆ, ಎರಡು ಸಾವಿರದ ಒಳಗೆ ಸಿಗುತ್ತದೆ. ಆದರೆ ಗೋಡೆ ಮುಂದೆ ಇದರ ಆಟ ನಡೆಯುವುದಿಲ್ಲ. ಮನೆಗೆ ಒಂದೇ ಮಷಿನ್ ಅನ್ನುವವರು ಇದನ್ನು ಬಿಟ್ಟುಬಿಡಿ. ಬಡಗಿ ಕೆಲಸ, ಗ್ರಿಲ್ ಕೆಲಸದವರಿಗೆ ಸರಿ.

ಇಂಪ್ಯಾಕ್ಟ್ ಡ್ರಿಲ್: ಎಲ್ಲರೂ ಕೊಳ್ಳುವುದು ಇದನ್ನೇ

ಕಿಟ್ ಬಾಕ್ಸ್ ಜೊತೆ, ನೂರು ಸಾಮಾನು ತುಂಬಿ, ಎರಡರಿಂದ ನಾಲ್ಕು ಸಾವಿರಕ್ಕೆ ಬರುವ 13 ಎಂಎಂ ಮಷಿನ್ ಇದು. ಮೇಲೆ ಒಂದು ಸ್ವಿಚ್ ಇರುತ್ತದೆ. ಒಂದು ಕಡೆ ಡ್ರಿಲ್ ಚಿತ್ರ, ಇನ್ನೊಂದು ಕಡೆ ಸುತ್ತಿಗೆ ಚಿತ್ರ. ಸುತ್ತಿಗೆ ಕಡೆ ಹಾಕಿದರೆ ಒಳಗೆ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತ ಟಕಟಕ ಹಾರುತ್ತವೆ. ನಿಮಿಷಕ್ಕೆ 3000 ಸುತ್ತು, ಬಿಲ್ಲೆಗೆ 16 ಹಲ್ಲು ಅಂದರೆ ನಿಮಿಷಕ್ಕೆ 48,000 ಏಟು. ಕೇಳಲು ದೊಡ್ಡ ಸಂಖ್ಯೆ, ಡಬ್ಬದ ಮೇಲೂ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಆದರೆ ಒಂದೊಂದು ಏಟೂ ಬಲು ಚಿಕ್ಕದು. ಏಟು ಬೀಳಬೇಕಾದರೆ ಹಿಂದಿನಿಂದ ನೀವೇ ಒತ್ತಬೇಕು. ಒತ್ತಿದಷ್ಟೂ ಅದುರು ನಿಮ್ಮ ಅಂಗೈಗೇ ವಾಪಸ್ ಬರುತ್ತದೆ.

ಇಟ್ಟಿಗೆಗೆ, ಸಾಲಿಡ್ ಬ್ಲಾಕ್‌ಗೆ ಇದು ಸಾಕು. ಎಂಟು ಹತ್ತು ಸೆಕೆಂಡಿಗೆ 6 ಎಂಎಂ ತೂತು ಆಗುತ್ತದೆ. ಮುರಕಲ್ಲು, ಎಎಸಿ ಬ್ಲಾಕ್‌ಗೂ ಇದೇ ಮಷಿನ್ ಸಾಕು, ಆದರೆ ಸುತ್ತಿಗೆ ಸ್ವಿಚ್ ಹಾಕಲೇಬೇಡಿ. ಹಾಕಿದರೆ ಪುಡಿ ಉದುರಿ ತೂತು ಅಗಲವಾಗುತ್ತದೆ, ಗಟ್ಟಾ, ಅಂದರೆ ಸ್ಕ್ರೂ ಕೂರುವ ಪ್ಲಗ್, ನಿಲ್ಲುವುದಿಲ್ಲ. ಹಾಲೋ ಬ್ಲಾಕ್‌ನಲ್ಲಿ ಸುತ್ತಿಗೆ ಏಟಿಗೆ ಒಳಗಿನ ಮುಖ ಒಡೆದು ಬೀಳುತ್ತದೆ. ಬಾತ್‌ರೂಮಿನ ಟೈಲ್ಸ್‌ಗೂ ಅಷ್ಟೆ. ಟೈಲ್ಸ್ ದಾಟುವವರೆಗೆ ಸುತ್ತಿಗೆ ಬೇಡ, ಸ್ಪೀಡ್ ಕಡಿಮೆ ಇರಲಿ.

ಕಾಂಕ್ರೀಟ್ ವಿಷಯಕ್ಕೆ ಬಂದರೆ ಕಥೆ ಬೇರೆ. ನಮ್ಮ ಮನೆ ಹಿಂದೆ ಹಳೆ ಕಾಂಕ್ರೀಟ್ ಕಂಬದ ತುಂಡೊಂದು ಬಿದ್ದಿತ್ತು. ಒಂದು ಭಾನುವಾರ ಅದರ ಮೇಲೆ ಇಂಪ್ಯಾಕ್ಟ್ ಡ್ರಿಲ್, ಮುಂದೆ ಹೇಳಲಿರುವ ಹ್ಯಾಮರ್ ಮಷಿನ್ ಎರಡನ್ನೂ ಇಟ್ಟು ನೋಡಿದೆ. ಹೊಸ 8 ಎಂಎಂ ಬಿಟ್, ಎರಡು ಇಂಚು ಆಳ. ಇಂಪ್ಯಾಕ್ಟ್ ಡ್ರಿಲ್‌ಗೆ ಒಂದೂವರೆ ನಿಮಿಷ ದಾಟಿತು. ಬಿಟ್ ತುದಿ ನೀಲಿ ತಿರುಗಿತ್ತು. ಹ್ಯಾಮರ್ ಮಷಿನ್‌ಗೆ ಹನ್ನೆರಡು ಸೆಕೆಂಡ್. ನಾನು ಒತ್ತಲೂ ಇಲ್ಲ, ಸುಮ್ನೆ ನೇರವಾಗಿ ಹಿಡಿದುಕೊಂಡಿದ್ದೆ.

ಈಗ ಮೇಲಿನ ಲೆಕ್ಕಕ್ಕೆ ಇದನ್ನು ಸೇರಿಸಿ. ಇಂಪ್ಯಾಕ್ಟ್ ಡ್ರಿಲ್ ಕಾಂಕ್ರೀಟಿನಲ್ಲಿ 15 ಮೀ/ಸೆ² ಆಸುಪಾಸು ಅದುರುವುದು ಮಾಮೂಲಿ, ಕೆಲವು ಇನ್ನೂ ಜಾಸ್ತಿ. ಸದ್ದು 97ರಿಂದ 100 ಡೆಸಿಬೆಲ್, ಅದೂ ಕಿರುಚುವ ಸದ್ದು. ಇಪ್ಪತ್ತು ತೂತಿಗೆ ಅರ್ಧ ಗಂಟೆ. ಕೈಯ 13 ನಿಮಿಷವೂ ಮುಗಿಯಿತು, ಕಿವಿಯ ಕಾಲು ಗಂಟೆಯೂ ಮುಗಿಯಿತು. ಹ್ಯಾಮರ್ ಮಷಿನ್‌ನಲ್ಲಿ ಅದೇ ಇಪ್ಪತ್ತು ತೂತಿಗೆ ನಾಲ್ಕು ನಿಮಿಷ.

ಹ್ಯಾಮರ್ ಮಷಿನ್ ಅಂದರೆ ರೋಟರಿ ಹ್ಯಾಮರ್

ದೊಡ್ಡ ಮಷಿನ್, ಹಾಗಾಗಿ ಜಾಸ್ತಿ ಸದ್ದು, ಜಾಸ್ತಿ ಅದುರು ಅಂತ ಜನ ಹೆದರುತ್ತಾರೆ. ಕಾಂಕ್ರೀಟಿನ ಮಟ್ಟಿಗೆ ಅದು ತಪ್ಪು ತಿಳಿವಳಿಕೆ. ಇದರೊಳಗೆ ಒಂದು ಪಿಸ್ಟನ್ ಇದೆ. ಅದು ಗಾಳಿಯನ್ನು ಅದುಮುತ್ತದೆ, ಆ ಗಾಳಿ ಒಂದು ಗುಂಡನ್ನು ತಳ್ಳುತ್ತದೆ, ಗುಂಡು ಹೋಗಿ ಬಿಟ್ಟಿನ ಬಾಲಕ್ಕೆ ಹೊಡೆಯುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಏಟು ಮಾತ್ರ. ಆದರೆ ಒಂದೊಂದು ಏಟು 2ರಿಂದ 3 ಜೂಲ್. 2 ಜೂಲ್ ಅಂದರೆ ಒಂದು ಕೆಜಿ ಸಕ್ಕರೆ ಪೊಟ್ಟಣ ಒಂದು ಗೇಣು ಎತ್ತರದಿಂದ ಬಿದ್ದಷ್ಟು. ಅಂಥ ಏಟು ಸೆಕೆಂಡಿಗೆ ಎಪ್ಪತ್ತು ಎಂಬತ್ತು ಸಲ. ಮಷಿನ್ ತಾನೇ ಹೊಡೆಯುವುದರಿಂದ ನೀವು ಒತ್ತುವ ಕೆಲಸ ಇಲ್ಲ.

ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಆಸುಪಾಸು. ಕಿರುಚಾಟಕ್ಕಿಂತ ಗುದ್ದಿನ ಸದ್ದು. ಅದುರು ಮಾಮೂಲಿ ಮಾಡೆಲ್‌ಗಳಲ್ಲಿ 12ರಿಂದ 16. ಹಿಡಿಯಲ್ಲಿ ಸ್ಪ್ರಿಂಗ್ ಅಥವಾ ಒಳಗೆ ಎದುರು ತೂಕ ಇಟ್ಟು ಅದುರು ತಗ್ಗಿಸಿದ ಮಾಡೆಲ್‌ಗಳೂ ಇವೆ. ಮಕಿಟಾದವರು ಅದನ್ನು ಎವಿಟಿ ಅನ್ನುತ್ತಾರೆ, ಹಿಲ್ಟಿಯವರು ಎವಿಆರ್ ಅನ್ನುತ್ತಾರೆ. ಅವುಗಳಲ್ಲಿ 10ರ ಹತ್ತಿರಕ್ಕೆ, ಕೆಲವದರಲ್ಲಿ ಅದಕ್ಕೂ ಕೆಳಗೆ ಇಳಿಯುತ್ತದೆ. ಅಂದರೆ ಅಂಕಿಯಲ್ಲಿ ಹ್ಯಾಮರ್ ಮಷಿನ್ ಪವಾಡವೇನಲ್ಲ, ಕೈಗೆ ಬೀಳುವುದು ಬೀಳುತ್ತದೆ. ಉಳಿತಾಯ ಆಗುವುದು ಹೊತ್ತಿನಲ್ಲಿ. 12 ಮೀ/ಸೆ² ಮಷಿನ್‌ನಲ್ಲಿ ಮೊದಲ ಗೆರೆ ಮುಟ್ಟಲು ಸುಮಾರು 21 ನಿಮಿಷ ಬೇಕು. ತೂತಿಗೆ ಹನ್ನೆರಡು ಸೆಕೆಂಡ್ ಅಂದರೆ ನೂರು ತೂತು ಹೊಡೆಯಬಹುದು.

ಇದಕ್ಕೆ ಹಾಕುವ ಬಿಟ್ ಬೇರೆ. 10 ಎಂಎಂ ಬಾಲದಲ್ಲಿ ಗಾಡಿ, ಅಂದರೆ ಉದ್ದ ಕಾಲುವೆ, ಕೊರೆದ ಎಸ್‌ಡಿಎಸ್ ಪ್ಲಸ್ ಬಿಟ್. ಚಕ್ ಕೀ ಇಲ್ಲ, ಒತ್ತಿದರೆ ಕೂರುತ್ತದೆ. 1970ರ ದಶಕದಲ್ಲಿ ಬಾಷ್ ಮತ್ತು ಹಿಲ್ಟಿ ಕಂಪನಿಗಳಿಂದ ಬಂದ ಪದ್ಧತಿ ಇದು, ಈಗ ಎಲ್ಲ ಕಂಪನಿಗಳೂ ಇದನ್ನೇ ಬಳಸುತ್ತವೆ. ಹಾಕುವ ಮೊದಲು ಬಾಲಕ್ಕೆ ಒಂದಿಷ್ಟು ಗ್ರೀಸ್ ಸವರಿ. ಮರಕ್ಕೆ, ಕಬ್ಬಿಣಕ್ಕೆ ಅಡಾಪ್ಟರ್ ಚಕ್ ಸಿಗುತ್ತದೆ, ಆದರೆ ಬಿಟ್ ಸ್ವಲ್ಪ ಓಲಾಡುತ್ತದೆ. ವಾರ್ಡ್‌ರೋಬಿನ ಹಿಂಜ್‌ಗೆ ನೀಟಾಗಿ ತೂತು ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ.

ಕೊರತೆಗಳನ್ನೂ ಹೇಳಬೇಕಲ್ವಾ. ಚಿಕ್ಕ ಮಷಿನ್‌ಗಳೇ ಎರಡೂಕಾಲು ಕೆಜಿಯಿಂದ ಮೂರು ಕೆಜಿ ತೂಗುತ್ತವೆ. ತಲೆ ಮೇಲೆ ಎತ್ತಿ ಹಿಡಿದರೆ ಹೆಗಲು ಸೋಲುತ್ತದೆ. ಬೆಲೆ ಸಾದಾ ಕಂಪನಿಯದ್ದು ನಾಲ್ಕು ಐದು ಸಾವಿರ, ಹೆಸರಿರುವ ಕಂಪನಿಯದ್ದು ಆರರಿಂದ ಹನ್ನೆರಡು ಸಾವಿರ. ಮತ್ತೆ ಅದರ ಬಲ. ಆರ್‌ಸಿಸಿ ಒಳಗಿನ ಕಂಬಿಗೆ ಬಿಟ್ ಸಿಕ್ಕಿಕೊಂಡರೆ ಮಷಿನ್ನೇ ತಿರುಗಿಬಿಡುತ್ತದೆ. ನನಗೆ ಹೀಗಾಗಿ ಬಲಗೈ ಮಣಿಕಟ್ಟು ತಿರುಚಿ ಮೂರು ವಾರ ಕೆಲಸ ಇಲ್ಲದೆ ಕೂತಿದ್ದೆ. ಅವತ್ತು ಪಕ್ಕದ ಹಿಡಿ ಕಳಚಿ ಬ್ಯಾಗಲ್ಲಿ ಹಾಕಿದ್ದೆ, ಏಣಿ ಮೇಲೆ ಒಂದೇ ಕೈಯಲ್ಲಿ ಹಿಡಿದಿದ್ದೆ. ಬಿಟ್ ಸಿಕ್ಕಿಕೊಂಡಾಗ ಜಾರಿಕೊಳ್ಳುವ ಕ್ಲಚ್ ಇರುವ ಮಷಿನ್ನನ್ನೇ ಕೊಳ್ಳಿ. ಕ್ಲಚ್ ಇದ್ದರೂ ಪಕ್ಕದ ಹಿಡಿ ಹಾಕಿ, ಎರಡು ಕೈಯಲ್ಲಿ ಹಿಡಿಯಿರಿ. ನಾಲ್ಕು ಧಾರೆಯ ಬಿಟ್ ತಗೊಂಡರೆ ಕಂಬಿಗೆ ಸಿಕ್ಕಿಕೊಳ್ಳುವುದು ಕಡಿಮೆ.

ಮೂರು ಮೋಡ್ ಇರುವ ಮಷಿನ್‌ಗಳಲ್ಲಿ ಉಳಿ ಹಾಕಿ ಗೋಡೆ ಕೆತ್ತಬಹುದು. ವೈರಿಂಗ್ ಕೆಲಸದವರು ಪೈಪಿಗೆ ಗಾಡಿ ತೆಗೆಯಲು ಇದನ್ನೇ ಗಂಟೆಗಟ್ಟಲೆ ಹಿಡಿಯುತ್ತಾರೆ. ನಮ್ಮ ಕೆಲಸದಲ್ಲಿ ಕೈ ಹಾಳಾಗುವುದು ಮುಖ್ಯವಾಗಿ ಇಲ್ಲಿ. ತೂತು ಹೊಡೆಯುವಾಗ ನಡುನಡುವೆ ಬಿಡುವು ಸಿಗುತ್ತದೆ, ಕೆತ್ತುವಾಗ ಸಿಗುವುದಿಲ್ಲ. ಮೊದಲು ಕಟ್ಟರ್‌ನಲ್ಲಿ ಎರಡು ಗೆರೆ ಸೀಳಿಕೊಳ್ಳಿ, ನಡುವಿನದ್ದನ್ನು ಮಾತ್ರ ಉಳಿಯಲ್ಲಿ ಎಬ್ಬಿಸಿ. ಇಬ್ಬರಿದ್ದರೆ ಆಗಾಗ ಕೈ ಬದಲಿಸಿ.

ಬ್ಯಾಟರಿ ಡ್ರಿಲ್

ಇದರಲ್ಲಿ ಗೊಂದಲ ಜಾಸ್ತಿ. 18 ವೋಲ್ಟ್ ಮತ್ತು 20 ವೋಲ್ಟ್ ಮ್ಯಾಕ್ಸ್ ಎರಡೂ ಒಂದೇ. ಒಳಗೆ ಐದು ಸೆಲ್ ಸಾಲಾಗಿ ಇರುತ್ತವೆ. ಪೂರ್ತಿ ಚಾರ್ಜ್ ಆದಾಗ 20, ಕೆಲಸ ಮಾಡುವಾಗ 18. ಹಾಗೇ 12 ವೋಲ್ಟ್ ಮ್ಯಾಕ್ಸ್ ಅಂದರೆ 10.8, ಮೂರು ಸೆಲ್. 20 ಅಂತ ಬರೆದಿದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಪೀಠೋಪಕರಣ ಜೋಡಿಸುವುದು, ಸ್ಕ್ರೂ ಹಾಕುವುದು, ಮರಕ್ಕೆ ತೂತು, ಇವಕ್ಕೆ 12 ವೋಲ್ಟಿನದ್ದು ಸಾಕು. ಒಂದು ಕೆಜಿ ಆಸುಪಾಸು ತೂಕ, ಹೆಂಗಸರು ವಯಸ್ಸಾದವರು ಕೂಡ ಒಂದೇ ಕೈಯಲ್ಲಿ ಹಿಡಿಯಬಹುದು. ಸುತ್ತಿಗೆ ಸ್ವಿಚ್ ಹಾಕದಿದ್ದರೆ ಸದ್ದು ಅದುರು ಎರಡೂ ತೀರಾ ಕಡಿಮೆ. ಮಗು ಮಲಗಿರುವ ಮನೆಯಲ್ಲೂ ಬಾಗಿಲು ಹಾಕಿಕೊಂಡು ಕೆಲಸ ಮುಗಿಸಬಹುದು. ಎಎಸಿ ಬ್ಲಾಕಿಗೂ ಮುರಕಲ್ಲಿಗೂ ಇದು ಸಾಕಾಗುತ್ತದೆ. ಅಪಾರ್ಟ್‌ಮೆಂಟಿನ ಒಳಗೋಡೆ ಎಎಸಿ ಆಗಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ತಗೊಳ್ಳಿ.

ಸುತ್ತಿಗೆ ಸ್ವಿಚ್ ಇರುವ 18 ವೋಲ್ಟಿನದ್ದು ಇಟ್ಟಿಗೆ, ಬ್ಲಾಕಿಗೆ ಆಗುತ್ತದೆ. ಆದರೆ ಒಳಗಿರುವುದು ಅದೇ ಹಲ್ಲಿನ ಬಿಲ್ಲೆ. ಸ್ವಿಚ್ ಹಾಕಿದ ಕೂಡಲೇ ಸದ್ದು 90ರ ಸುತ್ತ ಹೋಗುತ್ತದೆ, ಅದುರೂ ಏರುತ್ತದೆ. ಬ್ಯಾಟರಿ ಅಂದರೆ ಸದ್ದಿಲ್ಲ ಅನ್ನುವುದು ಆ ಸ್ವಿಚ್ ಹಾಕುವವರೆಗೆ ಮಾತ್ರ.

ಇಂಪ್ಯಾಕ್ಟ್ ಡ್ರೈವರ್ ಅನ್ನುವುದು ಬೇರೆಯೇ ಮಷಿನ್. ಹೆಸರು ನೋಡಿ ಇಂಪ್ಯಾಕ್ಟ್ ಡ್ರಿಲ್ ಅಂದುಕೊಂಡು ತಂದು ಪೇಚಾಡಿದವರಿದ್ದಾರೆ. ಅದು ಸ್ಕ್ರೂ ಮತ್ತು ಬೋಲ್ಟ್ ಬಿಗಿಯಲು. ಏಟು ಬೀಳುವುದು ತಿರುಗುವ ದಿಕ್ಕಿಗೆ, ಗೋಡೆಯ ಕಡೆಗೆ ಅಲ್ಲ. ಗೋಡೆಗೆ ತೂತು ಆಗುವುದಿಲ್ಲ, ಸದ್ದು ಮಾತ್ರ ವಿಪರೀತ.

ಬ್ಯಾಟರಿಯ ರೋಟರಿ ಹ್ಯಾಮರ್ ಕೂಡ ಬಂದಿದೆ. ಲಿಂಟಲ್‌ಗೆ, ಛಾವಣಿಗೆ ಕೆಲವೇ ಸೆಕೆಂಡಿನಲ್ಲಿ ತೂತು, ವೈರ್ ಎಳೆದಾಡುವ ತಾಪತ್ರಯ ಇಲ್ಲ. ಏಣಿ ಮೇಲೆ ನಿಂತು ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಬ್ಯಾಟರಿ, ಚಾರ್ಜರ್ ಸೇರಿದರೆ ಬೆಲೆ ಜೋರು. ಸಿಸಿಟಿವಿ, ಎಸಿ, ಫಾಲ್ಸ್ ಸೀಲಿಂಗ್ ಹಾಕುವವರು ದಿನಾ ದುಡಿಯುವ ದುಡ್ಡಿನಲ್ಲಿ ಅದನ್ನು ತೀರಿಸಬಹುದು. ವರ್ಷಕ್ಕೆ ನಾಲ್ಕು ತೂತು ಹೊಡೆಯುವವರಿಗೆ ಬೇಡ. ಬಳಸದೆ ಇಟ್ಟ ಬ್ಯಾಟರಿಯೂ ಹಳತಾಗುತ್ತದೆ.

ಅಂಗಡಿಗೆ ಹೋಗುವ ಮೊದಲು

ನಿಮ್ಮ ಕಣ್ಣಿಗೆ ಬಿದ್ದ ಮಾಡೆಲ್‌ನ ಮ್ಯಾನುಯಲ್ಲನ್ನು ಕಂಪನಿಯ ಸೈಟಿನಿಂದ ಇಳಿಸಿಕೊಳ್ಳಿ. ತಾಂತ್ರಿಕ ವಿವರಗಳ ಪುಟದಲ್ಲಿ ಸದ್ದು ಮತ್ತು ವೈಬ್ರೇಶನ್ ಅಂಕಿ ಇರುತ್ತದೆ. ಸದ್ದಿಗೆ ಎರಡು ಅಂಕಿ ಕಾಣಬಹುದು. ಸೌಂಡ್ ಪ್ರೆಶರ್ ಅನ್ನುವುದು ಹಿಡಿದವನ ಕಿವಿಯ ಹತ್ತಿರದ್ದು. ಸೌಂಡ್ ಪವರ್ ಅನ್ನುವುದು ಮಷಿನ್ ಹೊರಬಿಡುವ ಒಟ್ಟು ಸದ್ದು, ಇದು ಎಂಟರಿಂದ ಹನ್ನೊಂದು ಡೆಸಿಬೆಲ್ ಜಾಸ್ತಿ ಇರುತ್ತದೆ. ಒಂದು ಮಷಿನ್‌ನ ಮೊದಲನೆಯದನ್ನು ಇನ್ನೊಂದರ ಎರಡನೆಯದಕ್ಕೆ ಹೋಲಿಸಬೇಡಿ.

ಅದುರಿಗೂ ಒಂದಕ್ಕಿಂತ ಹೆಚ್ಚು ಸಾಲು ಇರುತ್ತದೆ. ಲೋಹ ಕೊರೆಯುವಾಗ, ಕಾಂಕ್ರೀಟ್ ಕೊರೆಯುವಾಗ, ಕೆತ್ತುವಾಗ ಅಂತ. ಲೋಹದ ಸಾಲು ಯಾವಾಗಲೂ ಚೆಂದವಾಗೇ ಇರುತ್ತದೆ. ನೀವು ನೋಡಬೇಕಾದ್ದು ಕಾಂಕ್ರೀಟಿನ ಸಾಲು. ಪಕ್ಕದಲ್ಲಿ 1.5 ಅಂತ ಇರುವುದು ಅಳತೆಯ ಏರಿಳಿತ. ಅದನ್ನೂ ಕೂಡಿಸಿಯೇ ಲೆಕ್ಕ ಹಾಕಿ. ಸವೆದ ಬಿಟ್ ಹಾಕಿದರೆ ಕೆಲಸ ಮಾಡುವ ಜಾಗದಲ್ಲಿ ಅದು ಇನ್ನೂ ಏರುತ್ತದೆ. ಈ ಅಂಕಿಗಳನ್ನೇ ಕೊಡದ ಮಷಿನ್‌ಗಳು ತುಂಬಾ ಇವೆ. ಮನೆಯಲ್ಲಿ ಅಪರೂಪಕ್ಕೆ ಬಳಸಲು ಪರವಾಗಿಲ್ಲ. ಹೊಟ್ಟೆಪಾಡಿಗೆ ದಿನಾ ಹಿಡಿಯುವವರು ಅಂಥದ್ದನ್ನು ಕೊಳ್ಳಬಾರದು ಅಂತ ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನವರು ಎಸ್.ಜೆ.ಪಿ. ರಸ್ತೆಯ ಅಂಗಡಿಗಳಿಗೆ ಹೋದರೆ ಮಷಿನ್ ಆನ್ ಮಾಡಿ ತೋರಿಸಿ ಅಂತ ಕೇಳಿ. ಬೇರೆ ಊರುಗಳ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲೂ ತೋರಿಸುತ್ತಾರೆ. ಹಿಡಿ ನಿಮ್ಮ ಕೈಗೆ ತುಂಬಿದ ಹಾಗಿದೆಯಾ, ಬೆರಳು ಟ್ರಿಗರ್‌ಗೆ ಸಲೀಸಾಗಿ ಎಟುಕುತ್ತಾ ನೋಡಿ. ದಪ್ಪ ಹಿಡಿಯನ್ನು ಚಿಕ್ಕ ಕೈ ಬಿಗಿಯಾಗಿ ಹಿಸುಕಲೇಬೇಕಾಗುತ್ತದೆ. ಬಿಗಿ ಹಿಡಿದಷ್ಟೂ ಅದುರು ಮೂಳೆವರೆಗೆ ಹೋಗುತ್ತದೆ.

ಬಜೆಟ್ ಮೂರು ಸಾವಿರ ಇದ್ದು, ಮನೆ ಇಟ್ಟಿಗೆ ಅಥವಾ ಬ್ಲಾಕಿನದ್ದಾದರೆ ಹೆಸರಿರುವ ಕಂಪನಿಯ ಇಂಪ್ಯಾಕ್ಟ್ ಡ್ರಿಲ್ ತಗೊಳ್ಳಿ. ನೂರು ಸಾಮಾನಿನ ಕಿಟ್ ಬೇಡ, ಆ ದುಡ್ಡಿಗೆ ಒಳ್ಳೆಯ ಕಾರ್ಬೈಡ್ ಬಿಟ್ ನಾಲ್ಕು ಬರುತ್ತವೆ. ಲಿಂಟಲ್‌ನ ನಾಲ್ಕು ತೂತಿಗೆ ಹ್ಯಾಮರ್ ಮಷಿನ್ ಬಾಡಿಗೆಗೆ ತನ್ನಿ, ಇಲ್ಲವೇ ಎಲೆಕ್ಟ್ರಿಷಿಯನ್ ಕರೆಸಿ. ಪೂರ್ತಿ ಆರ್‌ಸಿಸಿ ಮನೆ, ಸೈಜ್ ಕಲ್ಲಿನ ಮನೆಯವರು ಇಂಪ್ಯಾಕ್ಟ್ ಡ್ರಿಲ್‌ಗೆ ದುಡ್ಡು ಹಾಕಲೇಬೇಡಿ. ಎಂಟು ಸಾವಿರದ ಆಸುಪಾಸು ಇದ್ದರೆ, 12 ವೋಲ್ಟಿನ ಬ್ಯಾಟರಿ ಡ್ರಿಲ್ ಜೊತೆಗೆ ಬೇಕಾದಾಗ ಬಾಡಿಗೆ ಹ್ಯಾಮರ್ ಅನ್ನುವುದು ಮನೆಯವರಿಗೆ ನಾನು ಕೊಡುವ ಮೊದಲ ಸಲಹೆ. ದಿನಾ ಕೆಲಸದವರು ಅದುರು ತಗ್ಗಿಸಿದ ರೋಟರಿ ಹ್ಯಾಮರ್‌ಗೆ ಎರಡು ಮೂರು ಸಾವಿರ ಜಾಸ್ತಿ ಕೊಡಿ. ಹೊಸದಾಗಿ ಕೆಲಸಕ್ಕೆ ಇಳಿಯುವ ಹುಡುಗರಿಗೆ ಆ ದುಡ್ಡು ಭಾರ ಅಂತ ಗೊತ್ತು. ಆದರೆ ಮೂವತ್ತು ವರ್ಷ ದುಡಿಯಬೇಕಾದ್ದು ಅದೇ ಎರಡು ಕೈ.

ಯಾವ ಮಷಿನ್ ಆದರೂ ಸರಿ

ಕಿವಿಗೆ ಫೋಮ್ ಪ್ಲಗ್ ಇಪ್ಪತ್ತು ರೂಪಾಯಿಯ ಸಾಮಾನು. ಸುಮ್ನೆ ತುರುಕಿದರೆ ಪ್ರಯೋಜನ ಇಲ್ಲ. ಬೆರಳಲ್ಲಿ ಹೊಸೆದು ಬತ್ತಿಯ ಹಾಗೆ ಸಣ್ಣ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆಯಿರಿ. ಆಮೇಲೆ ಒಳಗೆ ಹಾಕಿ, ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ, ಅದು ಒಳಗೇ ಊದಿಕೊಳ್ಳುತ್ತದೆ. ಪೊಟ್ಟಣದ ಮೇಲೆ 33 ಡೆಸಿಬೆಲ್ ಕಡಿಮೆ ಮಾಡುತ್ತೆ ಅಂತ ಇದ್ದರೂ, ಕೆಲಸದ ಜಾಗದಲ್ಲಿ 13ರಷ್ಟನ್ನು ನಂಬಬಹುದು. ಅಷ್ಟಾದರೂ 100 ಇದ್ದದ್ದು 87ಕ್ಕೆ ಇಳಿಯುತ್ತದೆ.

ಅದುರು ತಡೆಯುವ ಗ್ಲೌಸ್ ಅಂತ ಮಾರುತ್ತಾರೆ. ಕೈ ಬೆಚ್ಚಗಿಡುತ್ತದೆ, ತರಚು ಗಾಯ ತಪ್ಪಿಸುತ್ತದೆ. ಹ್ಯಾಮರ್ ಮಷಿನ್‌ನ ಅದುರನ್ನು ಅದು ತಡೆಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಬಿಟ್ ಮೊಂಡಾದ ಕೂಡಲೇ ಬಿಸಾಡುವುದು ಅದಕ್ಕಿಂತ ಎಷ್ಟೋ ಮೇಲು. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಪುಪ್ಪುಸಕ್ಕೆ ಕೆಟ್ಟದ್ದು, ಎನ್95 ಮಾಸ್ಕ್ ಹಾಕಿ. ತಲೆ ಮೇಲೆ ಕೊರೆಯುವಾಗ ಕನ್ನಡಕ ಬೇಕೇ ಬೇಕು. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ನಲ್ಲಿಯ ನೇರಕ್ಕೆ ಮೇಲೆ ತೂತು ಹೊಡೆಯಬೇಡಿ. ವೈರು, ಪೈಪು ಹೆಚ್ಚಾಗಿ ಹೋಗಿರುವುದು ಅಲ್ಲೇ. ಬೆರಳಿನ ಜೋಮು ಮಾರನೇ ದಿನವೂ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನಾನು ಯಾವ ಮಷಿನ್, ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತೇನೆ ಅಂತಲೂ ಹೇಳಿ. ಅವರು ತಾವಾಗಿ ಕೇಳದೇ ಇರಬಹುದು.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ವಾಸದ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಎಷ್ಟೋ ಕಡೆ ಸಂಘದವರೇ ಡ್ರಿಲ್ಲಿಂಗ್‌ಗೆ ಹೊತ್ತು ಗೊತ್ತು ಮಾಡಿರುತ್ತಾರೆ. ಕಾಂಕ್ರೀಟ್ ಗೋಡೆಯ ಸದ್ದು ಗಾಳಿಗಿಂತ ಗೋಡೆಯೊಳಗೇ ಓಡುತ್ತದೆ, ಮೂರು ಮಹಡಿ ಆಚೆಗೂ ಕೇಳುತ್ತದೆ. ಎಲ್ಲ ತೂತಿಗೂ ಮೊದಲೇ ಪೆನ್ಸಿಲ್ ಗುರುತು ಹಾಕಿಟ್ಟುಕೊಂಡು ಒಟ್ಟಿಗೆ ಹೊಡೆದು ಮುಗಿಸಿ.

ಆ ಹುಡುಗ ಹಾಗೇ ಮಾಡಿದ. ಇಂಪ್ಯಾಕ್ಟ್ ಡ್ರಿಲ್ ವಾಪಸ್ ಕಳಿಸಿ, ಒಂದು ದಿನಕ್ಕೆ ಹ್ಯಾಮರ್ ಮಷಿನ್ ಬಾಡಿಗೆಗೆ ತಂದ. ಹಿಂದಿನ ರಾತ್ರಿಯೇ ಹದಿನಾಲ್ಕು ಗುರುತು ಹಾಕಿದ್ದ. ಶನಿವಾರ ಹನ್ನೊಂದು ಗಂಟೆಗೆ ಪಕ್ಕದ ಮನೆಯವರಿಗೆ ಹೇಳಿ ಶುರು ಮಾಡಿದ. ಹನ್ನೊಂದೂವರೆಗೆ ನನಗೆ ಫೋನ್ ಬಂತು. "ಮುಗೀತು ಅಣ್ಣಾ. ಈಗ ವಾರ್ಡ್‌ರೋಬ್ ಜೋಡಿಸ್ಬೇಕು, 12 ವೋಲ್ಟ್‌ದು ಯಾವ್ದು ತಗೊಳ್ಳಲಿ?"